ಯಮನಪ್ಪನ ಆಳು

ನಮ್ಮ ಮುರಗಟ್ಟಿಯ ಶ್ರೀ ನಿರ್ವಾಣಪ್ಪನವರು ಮಠ ಕಟ್ಟಿದವರಲ್ಲ, ಗದ್ದುಗೆ ಏರಿದವರೂ ಅಲ್ಲ. ಊರ ಅಗಸೆಬಾಗಿಲ ಪಕ್ಕದ ಬೇವಿನ ಕಟ್ಟೆಯ ಮೇಲೆ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ವಾಡೆಯ ದೇಸಾಯರು ಮೂರು ಸಲ ಪಲ್ಲಕ್ಕಿ ಕಳಿಸಿ, ತಮ್ಮ ಮನೆತನದ ಗುರುಗಳಾಗಿ ಬಂದಿರಬೇಕೆಂದು ಬೇಡಿಕೊಂಡಿದ್ದರು. ಮೂರು ಸಲವೂ ಅಪ್ಪಗಳು, "ನಮಗ ಯಾರ ಚಾಕರೀನೂ ಮಾಡಾಕ ಬರೂದಿಲ್ಲ" ಎಂದು ನಕ್ಕು ಖಾಲಿ ಪಲ್ಲಕ್ಕಿಯನ್ನೇ ತಿರುಗಿ ಕಳಿಸಿದ್ದರು. ದೇಸಾಯರು ಅದಕ್ಕೆ ಬಹಳ ನೊಂದಿದ್ದರು.

ಅದೇ ಊರಲ್ಲಿ ಕೊಂಬಿನ ಯಮನಪ್ಪ ಎಂಬ ಮುದುಕನಿದ್ದ. ದೇಸಾಯರು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಅಗಸೆಯಲ್ಲಿ ನಿಂತು ಕೊಂಬು ಊದುವುದು ಅವನ ಮನೆತನದ ಚಾಕರಿ. ಅದಕ್ಕಾಗಿ ಎರಡು ಕೂರಿಗೆ ಹೊಲ ಉಂಬಳಿಯಾಗಿ ಬಂದಿತ್ತು. ಊದಿದರೆ ಹೊಲ ಅವನದು, ತಪ್ಪಿದರೆ ವಾಡೆಯದು. ಆ ವರ್ಷ ಯಮನಪ್ಪನ ಮುಂದಿನ ಹಲ್ಲೆಲ್ಲ ಉದುರಿ, ಎಷ್ಟು ಊದಿದರೂ ಬರಿ ಗಾಳಿ ಹೊರಡುತ್ತಿತ್ತು. ಉಂಬಳಿ ಕೊಟ್ಟ ಸನದು ಪತ್ರದಲ್ಲಿ "ತಾನಾಗಲಿ, ತನ್ನ ಅನ್ನ ಉಂಡ ಆಳಾಗಲಿ ಊದತಕ್ಕದ್ದು" ಎಂದೇನೋ ಬರೆದಿತ್ತು. ಆದರೆ ಯಮನಪ್ಪನ ಆಳು ಅನ್ನಿಸಿಕೊಳ್ಳಲು ಊರಲ್ಲಿ ಯಾರು ಒಪ್ಪಿಯಾರು? ಪಾಪ, ಹೆಂಡಿರು ಮಕ್ಕಳಿಲ್ಲದ ಜೀವ, ಇದ್ದದ್ದು ಆ ಹೊಲವೊಂದೇ.

ದೇಸಾಯರು ಬರುವ ದಿನ ಬೆಳಿಗ್ಗೆ ಅವನು ಕೊಂಬು ಹೊತ್ತು ತಂದು ಕಟ್ಟೆಯ ಮುಂದೆ ಕುಸಿದು ಕುಳಿತ.

"ಅಪ್ಪಾರ, ಇವತ್ತಿಗೆ ನನ್ನ ಹೊಲ ಹೋಗತೈತ್ರಿ."

ಅಪ್ಪಗಳು ಹಗ್ಗ ಬದಿಗಿಟ್ಟರು. "ಬುತ್ತಿ ತಂದೀಯೇನಪಾ?"

"ಮಜ್ಜಿಗ್ಯಾಗ ನೆನಸಿದ ರೊಟ್ಟಿ ಐತ್ರಿ."

"ಒಂದು ತುತ್ತು ಕೊಡು."

ನಾನು ಅಳುತ್ತಿದ್ದರೆ ಇವರಿಗೆ ಹಸಿವೆಯೇ ಎಂದು ಯಮನಪ್ಪನಿಗೆ ಅನ್ನಿಸದೆ ಇರಲಿಲ್ಲ. ಆದರೂ ಕೊಟ್ಟ. ಅಪ್ಪಗಳು ಅದನ್ನು ಕಣ್ಣಿಗೊತ್ತಿಕೊಂಡು ತಿಂದು, ಕೊಂಬನ್ನು ತಮ್ಮ ಹೆಗಲಿಗೇರಿಸಿಕೊಂಡರು.

ಹೊತ್ತೇರುವಷ್ಟರಲ್ಲಿ ದೇಸಾಯರ ಕುದುರೆ ಅಗಸೆಗೆ ಬಂತು. ಕೊಂಬು ಮೊಳಗಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಎಮ್ಮೆ ತನ್ನ ಕರುವನ್ನು ಕರೆದ ಹಾಗೊಂದು ಸದ್ದು ಬಂತು, ಅಷ್ಟೆ. ಹಗ್ಗ ಹೊಸೆಯುವವರಿಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಕುದುರೆ ಬೆದರಿತು. ನೆರೆದ ಮಂದಿ ಸೆರಗು ವಲ್ಲಿಗಳಲ್ಲಿ ನಗು ಮುಚ್ಚಿಕೊಂಡರು.

"ಯಾರಾಂವ ಊದಿದಾಂವ?" ಎಂದು ದೇಸಾಯರು ಗದರಿದರು.

ನಿರ್ವಾಣಪ್ಪನವರು ಮುಂದೆ ಬಂದು ಕೈಮುಗಿದರು. "ನಾನು ಯಮನಪ್ಪನ ಆಳ್ರಿ, ಧಣಿ. ಮುಂಜಾನೆ ಅವನ ರೊಟ್ಟಿ ಉಂಡೀನಿ."

ದೇಸಾಯರ ಮುಖ ಬಾಡಿತು. ತಾವು ಕಳಿಸಿದ ಮೂರು ಪಲ್ಲಕ್ಕಿ ನೆನಪಾಗಿರಬೇಕು. ಕುದುರೆಯಿಂದಿಳಿದು, ಹೊಲ ಯಮನಪ್ಪನ ಹೆಸರಲ್ಲೇ ಇರಲಿ ಎಂದು ಕುಲಕರ್ಣಿಗೆ ಹೇಳಿ, ಅವನ ಪಕ್ಕ ನೆಲದ ಮೇಲೆಯೇ ಕುಳಿತರು. ಈ ಮಾತು ಹೇಳುವಾಗಲೆಲ್ಲ ನನಗೆ ಕಣ್ಣು ತುಂಬಿ ಬರುತ್ತದೆ.

"ಯಮನಪ್ಪಾ, ರೊಟ್ಟಿ ಇನ್ನೂ ಉಳದೈತೇನು? ನನಗೂ ಒಂದು ತುತ್ತು ಕೊಡು."

ಯಮನಪ್ಪ ಅಪ್ಪಗಳ ಮುಖ ನೋಡಿದ.

"ಕೊಡಪಾ," ಎಂದರು ಅಪ್ಪಗಳು. "ನನಗಂತೂ ಊದಾಕ ಬರೂದಿಲ್ಲ."

ಮರುವರ್ಷ ಅಗಸೆಯಲ್ಲಿ ನಿಂತು ಯಮನಪ್ಪನ ಕೊಂಬು ಊದಿದವರು ದೇಸಾಯರೇ.