ಗಿಣಿ ಛಾಪಿನ ನಶ್ಯಕ್ಕೆ ಸುಂಕ

“ನನ್ನ ರಾಜ್ಯದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸೊಳ್ಳೆ ಹಾರಿದರೂ ಸುಂಕ ಬೀಳಬೇಕು, ಗೊತ್ತಾ?” ಎಂದು ಕೆಂಚನಗಡದ ದೊರೆ ವೀರಭೂಪ ಮೀಸೆ ತಿರುವಿದ.

ಸಭೆಯೆಲ್ಲ “ಭಲೇ ಭಲೇ” ಅಂದಿತು. ವಿದೂಷಕ ಭೋಗಣ್ಣ ಮಾತ್ರ ಮೂಗು ಉಜ್ಜಿಕೊಳ್ಳುತ್ತಾ ಕೂತಿದ್ದ. ನಶ್ಯ ಸಿಗದೆ ಎರಡು ದಿನವಾಗಿತ್ತು, ಪಾಪ.

ಸಿಗುವುದಾದರೂ ಹೇಗೆ? ನಶ್ಯ ಮಾಡುವ ಮುದುಕಿ ಬಾಳವ್ವ ಸಭೆಯ ನಡುವೆ ಕೈಮುಗಿದು ನಿಂತಿದ್ದಳು. ಗಿಣಿ ಛಾಪಿನ ನಶ್ಯ ಅಂದರೆ ಊರಿಗೇ ಹೆಸರು. ಅದನ್ನು ಮಾಡುವ ಗುಟ್ಟನ್ನೂ, ಡಬ್ಬಿಯ ಮೇಲೆ ಗಿಣಿ ಛಾಪು ಒತ್ತಿ ಮಾರುವ ಹಕ್ಕನ್ನೂ ಪಕ್ಕದೂರಿನ ಶೆಟ್ಟರಿಗೆ ಕೊಟ್ಟು ಅವಳು ಇಪ್ಪತ್ತು ವರಹ ಪಡೆದಿದ್ದಳು. ಈ ಸುದ್ದಿ ಸುಂಕದ ಅಧಿಕಾರಿ ಮುದ್ದರಸನ ಕಿವಿಗೆ ಬಿದ್ದದ್ದೇ ತಡ, ಅವಳ ಒರಳನ್ನೇ ಹೊರಿಸಿಕೊಂಡು ಬಂದಿದ್ದ.

“ಇಪ್ಪತ್ತರಲ್ಲಿ ಅರ್ಧ ಸುಂಕ ಕಟ್ಟು,” ಎಂದು ಮುದ್ದರಸ ಗದರಿದ. “ ಇಲ್ಲವಾದರೆ ಒರಳು ಅರಮನೆಗೆ!”

“ಸುಂಕದ ಕಟ್ಟೆ ದಾಟಿಸಿದ್ದಾದರೂ ಏನು ಸ್ವಾಮಿ? ಶೆಟ್ಟರ ಕಿವೀಲಿ ನಾಲ್ಕು ಮಾತು ಹೇಳಿದೆ ಅಷ್ಟೇ. ದುಡ್ಡೆಲ್ಲ ಮನೆಗೆ ಹೆಂಚು ಹೊದಿಸೋಕೆ ಹೋಯ್ತು. ಒರಳೂ ಹೋದರೆ ನನ್ನ ಹೊಟ್ಟೆಗೇನು ಗತಿ?”

“ನೀನು ಗುಟ್ಟು ಕೊಟ್ಟೆ, ಛಾಪು ಕೊಟ್ಟೆ, ವರಹ ಎಣಿಸಿಕೊಂಡೆ. ಕಣ್ಣಿಗೆ ಕಾಣದಿದ್ದರೂ ಅದು ಸರಕೇ!”

ಭೋಗಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ನಶ್ಯ ತಪ್ಪಿದ ಸಿಟ್ಟು ಒಂದು ಕಡೆ, ಮುದುಕಿಯ ಕಣ್ಣೀರು ಇನ್ನೊಂದು ಕಡೆ. ಆದರೂ ಹಲ್ಲುಕಿರಿದು ಎದ್ದು ನಿಂತ.

“ಆಹಾ! ಕಾಣದ್ದಕ್ಕೂ ಸುಂಕ! ಇಂಥ ಉಪಾಯ ಯಾರ ತಲೆಯದು ಮುದ್ದರಸರೇ?”

“ಇನ್ಯಾರದು? ನನ್ನದೇ! ಪ್ರಭುಗಳಿಗೆ ಒಪ್ಪಿಸಿದೆ. ಅವರು ತಮ್ಮ ಮುದ್ರೆ ಒತ್ತಿ ಊರೂರಲ್ಲಿ ಡಂಗುರ ಸಾರಿಸಿದರು. ಮೆಚ್ಚಿ ಈ ಚಿನ್ನದ ಕಡಗ ತೊಡಿಸಿದರು,” ಎಂದು ಮುದ್ದರಸ ಕೈಯೆತ್ತಿ ತೋರಿಸಿದ.

“ಹೌದಾ? ಉಪಾಯ ಕೊಟ್ಟಿರಿ, ಅವರ ಮುದ್ರೆಯಲ್ಲಿ ಸಾರೋಕೆ ಬಿಟ್ಟಿರಿ, ಕಡಗ ತಗೊಂಡಿರಿ. ಸುಂಕ ಎಲ್ಲಿ ಸ್ವಾಮಿ? ಅರ್ಧ ಕಡಗ ಕತ್ತರಿಸೋಕೆ ಅಕ್ಕಸಾಲಿಗನನ್ನು ಕರೆಸಲಾ?”

ಸಭೆ ಕಿಸಕ್ಕೆಂದಿತು. ಮುದ್ದರಸ ಕಡಗವನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಛೇ ಛೇ! ಉಪಾಯ ನನ್ನನ್ನು ಬಿಟ್ಟು ಎಲ್ಲಿಗೆ ಹೋಯಿತು? ಇನ್ನೂ ನನ್ನ ತಲೆಯಲ್ಲೇ ಇದೆಯಲ್ಲಾ! ಕೈ ದಾಟದೇ ಇದ್ದದ್ದಕ್ಕೆ ಎಂಥ ಸುಂಕ?”

ಭೋಗಣ್ಣ ಮುದುಕಿಯ ಕಡೆ ತಿರುಗಿದ. “ಬಾಳವ್ವ, ಶೆಟ್ಟರಿಗೆ ಹೇಳಿದ ಮೇಲೆ ನಶ್ಯದ ಗುಟ್ಟು ನಿನಗೆ ಮರೆತುಹೋಯ್ತಾ?”

“ಮರೆಯೋಕೆ ನನಗೇನು ಅರಳುಮರಳಾ ಯಪ್ಪಾ? ಒರಳು ಕೊಡಿಸು, ಇಲ್ಲೇ ಕುಟ್ಟಿ ತೋರಿಸ್ತೀನಿ!”

“ಕೇಳಿದಿರಾ ಪ್ರಭು? ಇವಳದೂ ತಲೆಯಲ್ಲೇ ಇದೆ. ಒರಳು ಬಿಡ್ತೀರೋ, ಕಡಗ ಮುರಿಸ್ತೀರೋ?”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಒರಳು ಬಾಳವ್ವನ ಮನೆಗೆ ವಾಪಸು ಹೋಗಲಿ, ಮುದ್ದರಸನೇ ಹೊತ್ತುಕೊಂಡು ಹೋಗಲಿ ಎಂದು ಅಪ್ಪಣೆಯಾಯಿತು. ಬಾಳವ್ವ ಸೆರಗಿನ ಗಂಟು ಬಿಚ್ಚಿ ಭೋಗಣ್ಣನಿಗೆ ಒಂದು ಚಿಟಿಕೆ ನಶ್ಯ ಕೊಟ್ಟಳು.

“ಭೋಗಣ್ಣ, ನಿನಗೆ ಹತ್ತು ವರಹ ಬಹುಮಾನ!” ಎಂದ ದೊರೆ. ಆಮೇಲೆ ಕಣ್ಣು ಕಿರಿದು ಮಾಡಿದ. “ತಡಿ ತಡಿ. ಇವತ್ತು ನನಗೆ ಬುದ್ಧಿ ಕೊಟ್ಟೆಯಲ್ಲವಾ? ಅದಕ್ಕೆ ಐದು ವರಹ ಸುಂಕ ಕಟ್ಟು.”

ಭೋಗಣ್ಣ ನಶ್ಯ ಏರಿಸಿ, ಅರಮನೆ ನಡುಗುವ ಹಾಗೆ ಒಮ್ಮೆ ಸೀನಿ, ಮೂಗು ಒರೆಸಿಕೊಂಡ.

“ಕೊಟ್ಟಿದ್ದು ನಿಜ ಪ್ರಭು. ತಮ್ಮ ತಲೆಗೆ ಹೋಯ್ತೋ ಇಲ್ಲವೋ, ಸ್ವಲ್ಪ ದಿನ ನೋಡೋಣ. ಹೋಗಿದ್ದು ಖಾತ್ರಿಯಾದ ದಿನ ಐದೇನು, ಹತ್ತೂ ಕಟ್ಟುತ್ತೇನೆ!”