ಜೋಡಿಚಿಪ್ಪಿ ಮನೆ ಬಿಟ್ಟದ್ದು

ನೀರನ್ನು ಕೊಟ್ಟು, ನೀರಿನೊಳಗೆ ಮೊದಲ ಉಸಿರನ್ನಿಟ್ಟ ಸ್ವಾಮಿಗೆ ಶರಣು. ಹುಳುವಿಗೂ ಕಣ್ಣು ಕೊಟ್ಟ ಆ ಕರುಣೆಗೆ ಶರಣು.

ಲೋಕ ಇನ್ನೂ ಹಸಿಯಾಗಿದ್ದ ಕಾಲವದು. ನೆಲದ ಮೇಲೆ ಒಂದು ಹುಲ್ಲಿಲ್ಲ, ಒಂದು ಇರುವೆಯಿಲ್ಲ. ಇದ್ದವರೆಲ್ಲ ಕಡಲಲ್ಲೇ ಇದ್ದರು.

ಕಡಲೊಳಗೆ ಒಂದು ಕೆಸರುದಿಬ್ಬ. ಅದರ ಬುಡದಲ್ಲಿ ಸಿಗಡಿಯಂಥ ಒಂದು ಜೀವ, ಹೆಸರು ಜೋಡಿಚಿಪ್ಪಿ. ಅವಳ ಬೆನ್ನಿನ ಮೇಲೆ ಎರಡು ಚಿಪ್ಪು, ಅರ್ಧ ತೆರೆದ ಬಾಗಿಲಿನ ಹಾಗೆ. ಮುಂದೆ ಇಣುಕುವ ಎರಡು ಕಣ್ಣು, ಒಳಗೆ ಬಾಚಣಿಗೆಯ ಹಲ್ಲಿನಂಥ ಕಾಲುಗಳು. ಚಿಪ್ಪಿನ ಒಳಗೋಡೆಗೆ ಅಂಟಿಕೊಂಡು ಹನ್ನೆರಡು ಮೊಟ್ಟೆ.

ಚಿಪ್ಪು ಬಿಗಿಯಾದರೆ ಕಳಚಿ ಹೊಸದು ಬೆಳೆಸುವುದು ಆ ಕಡಲಿನವರ ಪದ್ಧತಿ. ಎಲ್ಲರೂ ಕಳಚಿದರು. ಜೋಡಿಚಿಪ್ಪಿ ಮಾತ್ರ ಕಳಚಲಿಲ್ಲ. ಕಳಚಿದರೆ ಮೊಟ್ಟೆಗಳೂ ಚಿಪ್ಪಿನ ಜೊತೆಗೇ ಹೋಗುತ್ತವಲ್ಲ!

ಪಕ್ಕದಲ್ಲೇ ಐದು ಕಣ್ಣಿನ, ಉದ್ದ ಸೊಂಡಿಲಿನ ಐಗಣ್ಣ ಇದ್ದ. "ಏನಕ್ಕಾ, ನೀನು ಈ ಬಿಗಿ ಚಿಪ್ಪಲ್ಲಿ ದಿಬ್ಬದ ಆ ಬದಿ ಸೇರೋದರೊಳಗೆ ಕಡಲೇ ಬತ್ತಿರುತ್ತೆ" ಎಂದು ನಕ್ಕ.

"ಐದು ಕಣ್ಣಿದ್ದು ಏನು ಬಂತಣ್ಣ? ಒಳಗೆ ಮಕ್ಕಳಿರೋದು ಒಂದಕ್ಕೂ ಕಾಣಲಿಲ್ಲ."

ಒಂದು ಬೆಳಿಗ್ಗೆ ದಿಬ್ಬ ಗುಡುಗುಡು ಎಂದಿತು. ಐಗಣ್ಣನ ಐದೂ ಕಣ್ಣು ಮೇಲೆ ಹೋದವು.

"ಅಕ್ಕಾ, ದಿಬ್ಬ ಜಾರ್ತಾ ಇದೆ. ಈಜು, ಈಜು!"

ಜೋಡಿಚಿಪ್ಪಿ ಪಟಪಟ ಕಾಲು ಬಡಿದಳು. ಬಿಗಿದ ಚಿಪ್ಪು ಗೇಣುದ್ದವೂ ಮುಂದೆ ಬಿಡಲಿಲ್ಲ.

ಅವಳು ದಿಬ್ಬವನ್ನೇ ಕೂಗಿದಳು: "ಕೆಸರಜ್ಜ, ಸ್ವಲ್ಪ ನಿಲ್ಲು."

"ಜಾರೋಕೆ ಶುರುವಾದ ಮೇಲೆ ನಿಲ್ಲೋದು ನನ್ನ ಕೈಲಿಲ್ಲ ಮಗಳೇ. ಸ್ವಾಮಿ ಇಟ್ಟ ಇಳಿಜಾರು ಇದು. ನಿಧಾನಕ್ಕೆ ಬರ್ತೀನಿ, ಅಷ್ಟು ಮಾಡಬಲ್ಲೆ."

ಜೋಡಿಚಿಪ್ಪಿ ಕಣ್ಣು ಮುಚ್ಚಿದಳು. "ಸ್ವಾಮೀ, ಚಿಪ್ಪು ಕೊಟ್ಟವನು ನೀನು. ಕಾಲು ಕೊಟ್ಟವನೂ ನೀನೇ."

ಬೆನ್ನು ಬಗ್ಗಿಸಿ ಮೈಯನ್ನು ಚಿಪ್ಪಿನಿಂದ ಒಮ್ಮೆ ಎಳೆದಳು. ಹೊರಗೆ ಬಂದಳು. ಮೈ ಬೆಣ್ಣೆಯಷ್ಟು ಮೆತ್ತಗೆ. ಹಾಗೇ ತಿರುಗಿ ಚಿಪ್ಪಿನೊಳಗೆ ನುಗ್ಗಿದಳು.

"ಆ ಮೈಯಲ್ಲಿ ಒಳಗೆ ಹೋಗಬೇಡಕ್ಕಾ" ಎಂದು ಐಗಣ್ಣ ಕೂಗಿದ.

ಅವಳು ಕೇಳಲಿಲ್ಲ. ಒಂದೊಂದೇ ಮೊಟ್ಟೆ ಬಿಡಿಸಿದಳು, ಹೊಟ್ಟೆಯಡಿ ಕಾಲುಗಳ ನಡುವೆ ಅಂಟಿಸಿಕೊಂಡಳು. ಒಂದು, ಎರಡು, ಮೂರು. ಕೆಸರು ಬಂತು. ಒಂಬತ್ತು, ಹತ್ತು. ಕೆಸರು ಬಾಲ ಮುಟ್ಟಿತು. ಹನ್ನೊಂದು. ಹನ್ನೆರಡು!

ಐಗಣ್ಣ ಸೊಂಡಿಲು ಚಾಚಿ ಅವಳನ್ನು ಸರ್ರನೆ ಎಳೆದುಕೊಂಡ. ಹಿಂದೆಯೇ ಕೆಸರು ಚಿಪ್ಪಿನ ಮೇಲೆ ಕವುಚಿತು.

"ನಿನ್ನ ಚಿಪ್ಪನ್ನು ಜೋಪಾನ ಮಾಡ್ತೀನಿ ಮಗಳೇ" ಎಂದ ಕೆಸರಜ್ಜ. ಎಷ್ಟು ಗಟ್ಟಿಯಾಗಿ ಹಿಡಿದುಕೊಂಡನೆಂದರೆ, ಕಾಲ ಕಳೆದು ತಾನೇ ಕಲ್ಲಾದ. ಕಲ್ಲು ಏರಿ ಬೆಟ್ಟವಾಯಿತು.

ಜೋಡಿಚಿಪ್ಪಿಗೆ ಮತ್ತೆ ಚಿಪ್ಪು ಬೇಕೆನಿಸಲಿಲ್ಲ. "ಮಕ್ಕಳು ಹೊಟ್ಟೆಯಡಿ ಇರುವಾಗ ಬೆನ್ನಿಗೆ ಬಾಗಿಲು ಯಾಕೆ?" ಎಂದಳು. ಅವಳನ್ನು ಕಂಡ ಕಡಲಿನ ತಾಯಂದಿರೂ ಹಾಗೇ ಕಲಿತರು.

ಆದ್ದರಿಂದಲೇ ಮಕ್ಕಳೇ, ಜೋಡಿ ಚಿಪ್ಪು ಹೊತ್ತ ಜೋಡಿಚಿಪ್ಪಿ ಇಂದು ಯಾವ ಕಡಲಲ್ಲೂ ಇಲ್ಲ, ದೂರದ ಬೆಟ್ಟದ ಕಲ್ಲಿನಲ್ಲಿ ಅವಳ ಚಿಪ್ಪಿನ ಅಚ್ಚು ಮಾತ್ರ ಇದೆ. ಆದರೆ ಅವಳಿಂದ ಕಲಿತ ತಾಯಂದಿರ ಕುಲದ ಏಡಿಯಮ್ಮ ಗದ್ದೆಯ ಬದುವಿನಲ್ಲಿ ಇಂದಿಗೂ ಮೊಟ್ಟೆಗಳನ್ನು ಹೊಟ್ಟೆಯಡಿ ಅವುಚಿಕೊಂಡೇ ನಡೆಯುತ್ತಾಳೆ.

ಕೇಳಿದ ನಿಮ್ಮನ್ನೆಲ್ಲ ಸ್ವಾಮಿ ಹೀಗೇ ಅವುಚಿಕೊಳ್ಳಲಿ. ಎಲ್ಲರಿಗೂ ಒಳ್ಳೆಯದಾಗಲಿ.