ಓಟು ಅಂದ್ರೆ ಏನವ್ವ

ಹುಣಸೇಕೊಪ್ಪಲಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಜವರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಮಕ್ಕಳು ಹೇಳಿದ್ದನ್ನು ಮಾಡುವುದಿಲ್ಲ ಅಂತ ಊರಿನ ತಾಯಂದಿರೆಲ್ಲ ಗೋಳಾಡಿದರೆ, ನನ್ನ ಮಗ ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಡುತ್ತಾನಲ್ಲಪ್ಪ ಅಂತ ಇವಳ ಗೋಳು.

ಮೇಲಿನ ಬೀದಿಗೆ ನಲ್ಲಿ ಇರಲಿಲ್ಲ. ಪಂಚಾಯ್ತಿ ಮೆಂಬರು ಮರೀಗೌಡ ಪೈಪನ್ನು ತನ್ನ ಕೆಳಗಿನ ಬೀದಿಗೇ ನಿಲ್ಲಿಸಿಕೊಂಡಿದ್ದ. ಬಾವಿಯಿಂದ ಬಿಂದಿಗೆ ಹೊತ್ತು ಹೊತ್ತು ಸೊಂಟ ಬಿದ್ದುಹೋದ ಚಿಕ್ಕತಾಯಮ್ಮ, ಈ ಸಲ ಅವನೆದುರು ತಾನೇ ಚುನಾವಣೆಗೆ ನಿಂತಳು. ಅವತ್ತಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಒಂದೇ ಓಡಾಟ.

"ಅವ್ವ, ಓಟು ಅಂದ್ರೆ ಏನವ್ವ?" ಅಂದ ಜವರ.

"ಓಟು ಅಂದ್ರೆ ಕೇಳೋದು ಕಣ್ಲಾ. ಕೈ ಮುಗಿದು ಕೇಳ್ಬೇಕು. ಊರಲ್ಲಿ ಒಂದು ಮನೆನೂ ಬಿಡಬ್ಯಾಡ, ಹೋಗು."

ಹೋದ. ಒಂದು ಮನೆಯನ್ನೂ ಬಿಡಲಿಲ್ಲ. ಮರೀಗೌಡನ ಮನೆಯನ್ನೂ ಬಿಡಲಿಲ್ಲ. "ಗೌಡ್ರೇ, ನಮ್ಮವ್ವಂಗೆ ಓಟು ಹಾಕಿ" ಅಂತ ಕೈ ಮುಗಿದು ನಿಂತ. ಮರೀಗೌಡ ಎಲೆಅಡಿಕೆ ತುಂಬಿದ ಬಾಯಲ್ಲೇ ನಕ್ಕ. ಕಾಫಿ ಕೊಡಿಸಿದ. ಯಾರ್ಯಾರು ಹೂಂ ಅಂದರು ಅಂತ ಒಬ್ಬರನ್ನೂ ಬಿಡದೆ ಕೇಳಿಕೊಂಡು ಕಳಿಸಿದ.

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ಎದುರು ನಿಂತೋನ್ನೇ ಹೋಗಿ ಕೇಳಿದ್ಯಲ್ಲೋ ಪೆದ್ದ! ಮೊದ್ಲು ನೀವು ಯಾರ ಕಡೆ ಅಂತ ಕೇಳ್ಬೇಕು. ನಮ್ಮ ಕಡೆ ಅಂದ್ರೆ ಮಾತ್ರ ಮಿಕ್ಕಿದ್ದು."

"ಆಗ್ಲವ್ವ, ಹಂಗೇ ಮಾಡ್ತೀನಿ."

ಮಾರನೆಯ ದಿನ ಬಾವಿಯ ಹತ್ತಿರ ನಂಜವ್ವಜ್ಜಿ ಪಾಚಿ ಮೇಲೆ ಕಾಲಿಟ್ಟು ಜಾರಿ ಬಿದ್ದಳು.

"ಕೈ ಕೊಡು ಮಗ, ಏಳಕ್ಕಾಗ್ತಿಲ್ಲ."

"ಅಜ್ಜಿ, ನೀವು ಯಾರ ಕಡೆ?"

"ಸೊಂಟ ಮುರೀತು ಕಣ್ಲಾ, ಎತ್ತು."

"ನಮ್ಮ ಕಡೆ ಅನ್ನಿ, ಎತ್ತೀನಿ."

ಅಜ್ಜಿಗೆ ಎಲ್ಲಿತ್ತೋ ಕಸುವು, ತಾನೇ ಎದ್ದಳು. "ಇಲ್ಲೀಗಂಟ ನಿಮ್ಮ ಕಡೆ ಇದ್ದೆ. ಈಗ ಮರೀಗೌಡನ ಕಡೆ. ಹೋಗಿ ಹೇಳು ನಿಮ್ಮವ್ವಂಗೆ" ಅಂದಳು. ಹೋಗಿ ಹೇಳಿದ.

ಒಂದು ಮನೆಯ ಓಟೆಲ್ಲ ಹೋಯಿತಲ್ಲ ಅಂತ ಚಿಕ್ಕತಾಯಮ್ಮ ರೇಗಿದಳು. "ಓಟು ಅಂದ್ರೆ ಗುಟ್ಟು ಕಣ್ಲಾ! ಯಾರನ್ನೂ ಕೇಳ್ಬಾರ್ದು, ಯಾರ್ಗೂ ಹೇಳ್ಬಾರ್ದು. ಯಾರು ಏನ್ ಕೇಳಿದ್ರೂ ಬಾಯಿ ಬಿಡಬ್ಯಾಡ."

"ಆಗ್ಲವ್ವ, ಹಂಗೇ ಮಾಡ್ತೀನಿ."

ಓಟಿನ ದಿನ ಬಂತು. ಊರ ಶಾಲೆಯಲ್ಲಿ ಸಾಲು ನಿಂತಿತು. ಜವರನ ಸರದಿ ಬಂದಾಗ ಮೇಜಿನ ಹಿಂದಿದ್ದ ಮೇಷ್ಟ್ರು ಕೇಳಿದರು, "ಹೆಸರೇನಪ್ಪ?"

"ಗುಟ್ಟು."

"ನಿಮ್ಮಪ್ಪನ ಹೆಸರು?"

"ಅದೂ ಗುಟ್ಟು."

ಶಾಯಿ ಹಚ್ಚಬೇಕು, ಬೆರಳು ಕೊಡು ಅಂದರೆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಸಾಲಿನವರು ಗೊಣಗಿದರು, ಮೇಷ್ಟ್ರು ರೇಗಿದರು, ಅವನನ್ನು ಆಚೆ ಕಳಿಸಿದರು. ಚಿಕ್ಕತಾಯಮ್ಮ ರಟ್ಟೆ ಹಿಡಿದು ಹೊಂಗೆಮರದ ಕೆಳಗೆ ಎಳೆದೊಯ್ದಳು.

"ಅಲ್ಲಿ ಹೆಸರು ಹೇಳ್ಲಾ. ಬೆರಳು ಕೊಡು. ಚೀಟಿ ಕೊಡ್ತಾರೆ. ಮರೆಗೆ ಹೋಗಿ ನನ್ನ ಗಡಿಯಾರದ ಗುರುತಿಗೆ ಮುದ್ರೆ ಒತ್ತು. ಮಡಚು, ಡಬ್ಬಕ್ಕೆ ಹಾಕು, ಹಿಂದೆ ತಿರುಗಿ ನೋಡ್ದೆ ಮನೆಗೆ ಬಾ. ಕೈಗೆ ಬಂದ ಚೀಟಿ ಮಾತ್ರ ಯಾರ್ಗೂ ತೋರಿಸ್ಬ್ಯಾಡ. ನಾನೇ ಕೇಳಿದ್ರೂ ತೋರಿಸ್ಬ್ಯಾಡ."

ಹೇಳಿದ ಹಾಗೇ ಮಾಡಿ ಬಂದ. ಒಂದಾದರೂ ನೆಟ್ಟಗೆ ಮಾಡಿದನಲ್ಲ ಅಂತ ಅವಳು ಅವನಿಗೆ ಬೆಲ್ಲ ಕೊಟ್ಟಳು.

ಎಣಿಕೆ ತಾಲ್ಲೂಕು ಕಚೇರಿಯಲ್ಲಿ. ಎಣಿಸಿದರು, ಮತ್ತೆ ಎಣಿಸಿದರು. ಇಬ್ಬರಿಗೂ ಓಟು ಸಮಸಮ. ಎಣಿಕೆಯ ಸಾಹೇಬರು ಇಬ್ಬರ ಹೆಸರನ್ನೂ ಊರಿನ ಸಮೇತ ಒಂದೊಂದು ಚೀಟಿಯಲ್ಲಿ ಬರೆದು, ರುಜು ಹಾಕಿ, ಚೊಂಬಿನೊಳಗೆ ಹಾಕಿದರು. ಎತ್ತಿದ ಚೀಟಿಯಲ್ಲಿ ಯಾರ ಹೆಸರಿದ್ದರೆ ಅವರು ಗೆದ್ದಂತೆ. ಎತ್ತುವವರು ಯಾರು?

"ಜವರನೇ ಎತ್ತಲಿ ಸಾರ್" ಅಂದ ಮರೀಗೌಡ. "ಅವನಿಗೆ ಕಪಟ ಗೊತ್ತಿಲ್ಲ."

ತನ್ನ ಮಗನನ್ನು ನಾಲ್ಕು ಜನರ ಮುಂದೆ ಒಬ್ಬರು ಹೊಗಳಿದ್ದನ್ನು ಚಿಕ್ಕತಾಯಮ್ಮ ಕೇಳಿದ್ದು ಅದೇ ಮೊದಲು. ಹಿಗ್ಗಿ ಹೂಂ ಅಂದಳು.

ಜವರ ಚೊಂಬಿಗೆ ಕೈ ಹಾಕಿದ. ಒಂದು ಚೀಟಿ ಕೈಗೆ ಬಂತು. ಚೀಟಿ ಕೈಗೆ ಬಂದರೆ ಏನು ಮಾಡಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ತೋರಿಸಪ್ಪ" ಅಂದರು ಸಾಹೇಬರು.

"ತೋರಿಸಲ್ಲ."

"ತೋರಿಸೋ ಮಗನೇ" ಅಂದಳು ಅವ್ವ.

"ನೀನು ಕೇಳಿದ್ರೂ ತೋರಿಸಲ್ಲ."

ಬಾಗಿಲು ದಾಟಿ ಓಡಿದ. ಎಲ್ಲರೂ ಹಿಂದೆ ಓಡಿದರು. ರಸ್ತೆ ಬದಿಯಲ್ಲಿ ಬಾಯಿ ತೆರೆದ ಕೆಂಪು ಅಂಚೆ ಡಬ್ಬ ಕಂಡಿತು. ಚೀಟಿ ಮಡಚಿದ, ಅದರೊಳಗೆ ಹಾಕಿದ, ಹಿಂದೆ ತಿರುಗಿ ನೋಡದೆ ಊರ ದಾರಿ ಹಿಡಿದ. ಡಬ್ಬಕ್ಕೆ ಬೀಗ. ಅಂಚೆಯವರು ಮನೆಗೆ ಹೋಗಿದ್ದರು.

ಓಡದೆ ಉಳಿದವನು ಮರೀಗೌಡ ಒಬ್ಬನೇ. ಚೊಂಬಿನಲ್ಲಿ ಉಳಿದ ಚೀಟಿ ಬಿಡಿಸಿ ನೋಡಿದ. ತನ್ನದೇ ಹೆಸರು. ಅಂದರೆ ಆ ಪೆದ್ದ ಎತ್ತಿದ್ದು ಅವನವ್ವನ ಹೆಸರು. ತಡಮಾಡದೆ ಚೀಟಿಯನ್ನು ಎಲೆಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡ. "ಚೊಂಬಿನಲ್ಲಿದ್ದ ಚೀಟಿನೂ ಕಾಣ್ತಿಲ್ಲ ಸಾರ್, ಹೊಸದಾಗಿ ಬರೀರಿ" ಅಂದ ತಿರುಗಿ ಬಂದ ಸಾಹೇಬರಿಗೆ, ಅಗಿಯುತ್ತ. ಬೇಸತ್ತಿದ್ದ ಸಾಹೇಬರು ಬರೆದರು, ತಾವೇ ಎತ್ತಿದರು. ಮರೀಗೌಡನ ಹೆಸರು ಬಂತು.

ಚಿಕ್ಕತಾಯಮ್ಮ ಮನೆಗೆ ಬಂದವಳೇ ಮಗನ ಮುಂದೆ ಕುಸಿದಳು. "ಚೀಟಿ ಬಚ್ಚಿಡೋದಲ್ಲ ಕಣ್ಲಾ! ಇನ್ಮೇಲೆ ಚೀಟಿ ಕೈಗೆ ಬಂದ್ರೆ, ಮೊದ್ಲು ಯಾರು ಕೇಳ್ತಾರೋ ಅವರ ಕೈಗೆ ಕೊಟ್ಬಿಡು."

"ಆಗ್ಲವ್ವ, ಹಂಗೇ ಮಾಡ್ತೀನಿ."

ಮಾರನೆಯ ದಿನ ಅಂಚೆಯವನು ಊರೊಳಗೆ ಬಂದ. ದಾರಿಯಲ್ಲಿ ಸಿಕ್ಕ ಜವರನ ಕೈಗೆ ಒಂದು ಮಡಚಿದ ಚೀಟಿ ಕೊಟ್ಟ. "ಡಬ್ಬದಲ್ಲಿತ್ತು. ಸ್ಟಾಂಪಿಲ್ಲ, ಕವರಿಲ್ಲ. ನಿಮ್ಮವ್ವನ ಹೆಸರು, ಊರು ಇದೆ, ಸಾಹೇಬರ ರುಜು ಇದೆ. ಕೊಟ್ಬಿಡು."

ಜವರ ಮನೆಗೆ ಓಡಿದ. ಬರಿಗೈಲಿ ಬಂದು ನಿಂತ.

"ಅವ್ವ, ನಿನ್ನ ಹೆಸರಿನ ಚೀಟಿ ಬಂದಿತ್ತು. ನಾನು ಡಬ್ಬಕ್ಕೆ ಹಾಕಿದ್ನಲ್ಲ, ಅದೇ. ಸಾಹೇಬ್ರ ರುಜು ಇತ್ತಂತೆ."

ಚಿಕ್ಕತಾಯಮ್ಮ ದಡಕ್ಕನೆ ಎದ್ದಳು. "ಎಲ್ಲೋ? ಎಲ್ಲಿದೆ?"

"ದಾರೀಲಿ ಗೌಡ್ರು ಹಾರ ಹಾಕ್ಕೊಂಡು ಜಗಲಿ ಮೇಲೆ ಕೂತಿದ್ರು. ಏನ್ಲಾ ಅದು, ಕೊಡಿಲ್ಲಿ ಅಂದ್ರು. ಮೊದ್ಲು ಅವರೇ ಕೇಳಿದ್ದು. ಕೊಟ್ಟೆ."

"ಏನ್ಮಾಡಿದ್ರೋ ಅವರು?"

"ಎಲೆಅಡಿಕೆ ಜೊತೆ ಬಾಯಿಗೆ ಹಾಕ್ಕೊಂಡ್ರು."

ಚಿಕ್ಕತಾಯಮ್ಮ ಬೈಯಲು ಬಾಯಿ ತೆರೆದಳು. ಬೈದರೆ ಆಮೇಲೆ ಬುದ್ಧಿ ಹೇಳಬೇಕು. ಬುದ್ಧಿ ಹೇಳಿದರೆ ಅವನು ಕೇಳಿಬಿಡುತ್ತಾನೆ. ಸುಮ್ಮನೆ ಬಿಂದಿಗೆ ಎತ್ತಿಕೊಂಡು ಬಾವಿಯ ಕಡೆ ನಡೆದಳು.